ಹಿತ್ತಲ ಡ್ರಮ್ಮಿನಲ್ಲಿ ಹೊಗೆಯ ಅಡುಗೆ

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ರಜಾದಿನದ ಬೆಳಗಿನ ಜಾವ ಮನೆಯ ಹಿತ್ತಲಿನಿಂದ ಹೊಗೆ ಎದ್ದರೆ ನೆರೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡುವುದಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, ಸಂಜೆಯ ಊಟಕ್ಕೆ ಕರೆ ಬಂದೀತೇ ಎಂದು ಕಾಯುತ್ತಾರೆ. ಹೊಗೆಯ ಮೂಲ ಹುಡುಕಿಕೊಂಡು ಹೋದರೆ ಅಲ್ಲಿ ಕಾಣುವುದು, ಎಷ್ಟೋ ಸಲ, ಒಂದು ಹಳೆಯ ಡ್ರಮ್. ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತ ಮನೆಯ ಯಜಮಾನ. ಆತ ಏನೂ ಮಾಡುತ್ತಿರುವುದಿಲ್ಲ. ಏನೂ ಮಾಡದೆ ಕೂರುವುದೇ ಆ ದಿನದ ಕೆಲಸ.

ಡ್ರಮ್ಮಿನೊಳಗೆ ಮೂರು-ನಾಲ್ಕು ಕಿಲೋ ತೂಗುವ ಹಂದಿಯ ಭುಜದ ತುಂಡೊಂದು ಮೆಲ್ಲಗೆ ಬೇಯುತ್ತಿರುತ್ತದೆ. ಇದು ಕೆಂಡದ ಮೇಲೆ ಕಬಾಬ್ ಸುಟ್ಟಂತಲ್ಲ. ಕಬಾಬಿಗೆ ಧಗಧಗ ಕೆಂಡ, ಹತ್ತು ನಿಮಿಷ. ಇಲ್ಲಿ ಡ್ರಮ್ಮಿನ ಒಳಗಿನ ಶಾಖ 105ರಿಂದ 135 ಡಿಗ್ರಿ ಸೆಲ್ಸಿಯಸ್, ಕಾಲ ಎಂಟರಿಂದ ಹನ್ನೆರಡು ತಾಸು. ಭುಜ, ಎದೆ ಮುಂತಾದವು ಪ್ರಾಣಿಯ ದುಡಿದ ಸ್ನಾಯುಗಳು. ಅವುಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಅವಸರದ ಬೆಂಕಿಗೆ ಅದು ಚಪ್ಪಲಿಯ ಅಟ್ಟೆಯಂತಾಗುತ್ತದೆ. 70 ಡಿಗ್ರಿ ದಾಟಿದ ಮೇಲೆ ತಾಸುಗಟ್ಟಲೆ ಬಿಟ್ಟರೆ ಮಾತ್ರ ಕರಗಿ ಜೆಲಟಿನ್ ಆಗಿ, ಮಾಂಸ ಬೆರಳಿಗೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಈ ಗುಟ್ಟನ್ನು ಅಮೆರಿಕಕ್ಕೆ ಕಲಿಸಿದವರು ನೆಲದಲ್ಲಿ ಕುಳಿ ತೋಡಿ ಇಡೀ ರಾತ್ರಿ ಕೆಂಡ ಕಾಯುತ್ತಿದ್ದ ಮೂಲನಿವಾಸಿಗಳು ಮತ್ತು ತೋಟದೊಡೆಯರ ಕೈಕೆಳಗಿದ್ದ ಕರಿಯ ಗುಲಾಮ ಬಾಣಸಿಗರು. 19ನೇ ಶತಮಾನದಲ್ಲಿ ಟೆಕ್ಸಾಸ್‌ನ ಮಧ್ಯಭಾಗಕ್ಕೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಮಾಂಸದಂಗಡಿಯವರು ದಿನದ ಕೊನೆಗೆ ಮಾರಾಟವಾಗದೆ ಉಳಿದದ್ದಕ್ಕೆ ಹೊಗೆ ಹಾಕಿ ಮಾರಿದರು. ಡ್ರಮ್ ಬಂದದ್ದು ಆಮೇಲೆ, ತೈಲದ ಜೊತೆಗೆ.

ಈಗ ಸ್ವಯಂಚಾಲಿತ ಯಂತ್ರಗಳೂ ಅಂಗಡಿಯಲ್ಲಿ ಸಿಗುತ್ತವೆ. ಮೊಬೈಲ್ ಫೋನಿನಲ್ಲೇ ಶಾಖ ಏರಿಸಿ ಇಳಿಸಬಹುದು. ಆದರೂ ಗುಜರಿಯಿಂದ ಡ್ರಮ್ ತಂದು ತೂತು ಕೊರೆಯುವವರ ಸಂಖ್ಯೆಯೇನೂ ಕಡಿಮೆಯಾಗಿಲ್ಲ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅದು. ವೆಲ್ಡಿಂಗ್ ಕೂಡ ಬೇಕಿಲ್ಲ. ಒಂದು ಡ್ರಿಲ್, ಒಂದಿಷ್ಟು ಬೋಲ್ಟು, ಪೈಪಿನ ತುಂಡು ಸಾಕು.

ಕಷ್ಟವಿರುವುದು ಡ್ರಮ್ಮನ್ನು ಆರಿಸುವುದರಲ್ಲಿ. ಅಲ್ಲಿನ 55 ಗ್ಯಾಲನ್ನಿನ ಡ್ರಮ್ ಎಂದರೆ ಸುಮಾರು 208 ಲೀಟರ್, ಇಲ್ಲಿ 200 ಲೀಟರಿನದು ಎಂದು ಕರೆಯುವ ಡ್ರಮ್ಮೇ. ಅದರಲ್ಲಿ ಮೊದಲು ಏನಿತ್ತು? ಕೀಟನಾಶಕವೋ, ಬಣ್ಣದ ತಿನ್ನರೋ, ಆಸಿಡ್ಡೋ ಇದ್ದದ್ದನ್ನು ಎಷ್ಟು ತೊಳೆದರೂ ಅಡುಗೆಗೆ ಬಳಸುವಂತಿಲ್ಲ. ಪೆಟ್ರೋಲಿನಂಥದ್ದು ಇದ್ದ ಡ್ರಮ್ಮಿಗೆ ಕಿಡಿ ಹಾರಿದರೆ ಅದು ಬಾಂಬು. ಹಣ್ಣಿನ ರಸ, ಅಡುಗೆ ಎಣ್ಣೆ ತುಂಬಿದ್ದ, ಮುಚ್ಚಳ ಪೂರ್ತಿ ತೆಗೆಯಬಹುದಾದ ಡ್ರಮ್ ಉತ್ತಮ. ಅದಕ್ಕೂ ಒಳಗೆ ಕಂದು ಬಣ್ಣದ ರಾಳದ ಲೇಪ ಇರಬಹುದು. ಒಳಗೆ ಜೋರಾಗಿ ಸೌದೆ ಉರಿಸಿ ಲೇಪವನ್ನೆಲ್ಲ ಸುಟ್ಟು, ಬರಿಯ ಉಕ್ಕು ಕಾಣುವವರೆಗೆ ಉಜ್ಜಬೇಕು. ಆ ಹೊಗೆಯಿಂದ ದೂರ ನಿಲ್ಲಬೇಕು. ಸತುವಿನ ಲೇಪವಿರುವ ಬಿಳಿ ಡ್ರಮ್ ಬೇಡವೇ ಬೇಡ. ಬೆಂಕಿ ತಗುಲಿದರೆ ಸತುವಿನ ಆವಿ ಎದ್ದು ಉಸಿರಿಗೆ ಸೇರಿ ಚಳಿಜ್ವರ ತರುತ್ತದೆ. ಬೋಲ್ಟು, ಜಾಲರಿಗಳಿಗೂ ಇದೇ ಮಾತು. ಡ್ರಮ್ ಒಳ್ಳೆಯದನ್ನೇ ತಂದು ಅಗ್ಗದ ಹೊಳೆಯುವ ಜಾಲರಿ ಹಾಕಿ ಕೆಡಿಸಿಕೊಂಡವರು ಬೇಕಾದಷ್ಟು.

ಇನ್ನು ತೂತು. ತಳದಿಂದ ನಾಲ್ಕು ಬೆರಳು ಮೇಲೆ, ಸುತ್ತಲೂ ಸಮದೂರದಲ್ಲಿ ಎರಡು ಸೆಂಟಿಮೀಟರ್ ಅಗಲದ ಮೂರೋ ನಾಲ್ಕೋ ತೂತು. ಒಂದಕ್ಕೆ ತಿರುಗಿಸುವ ವಾಲ್ವ್, ಉಳಿದವಕ್ಕೆ ಮುಚ್ಚಳ. ಡ್ರಮ್ಮಿನ ಮೇಲುಮುಚ್ಚಳಕ್ಕೆ ಐದು ಸೆಂಟಿಮೀಟರ್ ಅಗಲದ ಒಂದು ಹೊಗೆಕೊಳವೆ. ಒಳಗೆ ಇದ್ದಿಲು ತುಂಬಲು ಮೊಣಕೈಯಷ್ಟು ಅಗಲದ ಕಬ್ಬಿಣದ ಜಾಲರಿ ಬುಟ್ಟಿ. ಬೂದಿ ಕೆಳಗೆ ಉದುರುವಂತೆ ಅದಕ್ಕೆ ಗಿಡ್ಡ ಕಾಲುಗಳು. ಕೆಂಡದಿಂದ ಸುಮಾರು 60 ಸೆಂಟಿಮೀಟರ್ ಮೇಲೆ ನಾಲ್ಕು ಬೋಲ್ಟುಗಳ ಮೇಲೆ ಕೂರುವ, ಮಾಂಸ ಇಡುವ ಜಾಲರಿ. ಅದೇ ಮಟ್ಟದಲ್ಲಿ ಒಂದು ಥರ್ಮಾಮೀಟರ್. ಒಳಗೋಡೆಗೆ ಅಡುಗೆ ಎಣ್ಣೆ ಸವರಿ ಒಂದು ದಿನ ಬರಿದೇ ಉರಿಸಿದರೆ, ಹೊಸ ದೋಸೆ ಹೆಂಚು ಪಳಗಿದಂತೆ ಡ್ರಮ್ಮೂ ಕಪ್ಪಾಗಿ ಪಳಗುತ್ತದೆ. ಮುಗಿಯಿತು. ಮುಚ್ಚಳ ಚಪ್ಪಟೆಯಾಗಿದ್ದು ದೊಡ್ಡ ತುಂಡಿಗೆ ಜಾಗ ಸಾಲದಿದ್ದರೆ ಕೆಲವರು ವೆಬರ್ ಒಲೆಯ ಗುಮ್ಮಟದ ಮುಚ್ಚಳವನ್ನು ಕೂರಿಸುತ್ತಾರೆ. ಬಹಳಷ್ಟು ಡ್ರಮ್‌ಗಳಿಗೆ ಅದು ಅಳತೆ ತೆಗೆದು ಮಾಡಿಸಿದಂತೆ ಹೊಂದುತ್ತದೆ. ಆ ಒಲೆಯ ಮೂಲವೂ ಗುಜರಿ ಬುದ್ಧಿಯೇ. ಷಿಕಾಗೋದ ಲೋಹದ ಕಾರ್ಖಾನೆಯೊಂದರಲ್ಲಿದ್ದ ಜಾರ್ಜ್ ಸ್ಟೀಫನ್, 1952ರಲ್ಲಿ, ಹಡಗುಗಳಿಗೆ ದಾರಿ ತೋರಲು ನೀರಿನಲ್ಲಿ ಬಿಡುವ ತೇಲುಗೋಳವನ್ನು ಅರ್ಧಕ್ಕೆ ಕತ್ತರಿಸಿ ಅದನ್ನು ಮಾಡಿದ್ದು.

ಹೊಸಬರು ಎಡವುವುದು ಇಲ್ಲಿಂದ ಮುಂದೆ. ಹೊಗೆಯ ಅಡುಗೆಗೆ ಹೊಗೆ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಎಣಿಕೆಯಲ್ಲಿ ಹಸಿ ಕಟ್ಟಿಗೆ ತುರುಕುತ್ತಾರೆ. ದಟ್ಟ ಬಿಳಿ ಹೊಗೆ ಮೋಡದಂತೆ ಉಕ್ಕುತ್ತದೆ, ಫೋಟೋಗೂ ಚೆನ್ನ. ಮಾಂಸ ಮಾತ್ರ ಬೇವಿನಷ್ಟು ಕಹಿ. ಬಿಳಿ ಹೊಗೆ ಎಂದರೆ ಗಾಳಿ ಸಾಲದೆ ಅರೆಬೆಂದ ಕಟ್ಟಿಗೆ, ಅದರ ಡಾಂಬರು. ಬೇಕಾದದ್ದು ಬಿಸಿಲಿಗೆ ಹಿಡಿದು ನೋಡಿದರಷ್ಟೇ ಕಾಣುವ ತೆಳು ನೀಲಿ ಹೊಗೆ. ಬುಟ್ಟಿಯ ತುಂಬ ತಣ್ಣನೆಯ ಇದ್ದಿಲು, ನಡುವೆ ಮುಷ್ಟಿಗಾತ್ರದ ನಾಲ್ಕು ಒಣ ಕಟ್ಟಿಗೆ ತುಂಡು, ಮೇಲೆ ಒಂದು ಹಿಡಿ ಉರಿವ ಕೆಂಡ. ಬೆಂಕಿ ಮೇಲಿಂದ ಕೆಳಕ್ಕೆ ಆಮೆಯಂತೆ ತೆವಳುತ್ತ ಹೋಗುತ್ತದೆ. ಅಮೆರಿಕನ್ನರು ಓಕ್, ಹಿಕರಿ ಹಾಕುತ್ತಾರೆ, ಟೆಕ್ಸಾಸ್‌ನ ಪಶ್ಚಿಮಕ್ಕೆ ಹೋದರೆ ಮೆಸ್ಕೀಟ್. ಈ ಮೆಸ್ಕೀಟ್ ಬೇರಾರೂ ಅಲ್ಲ, ಕರ್ನಾಟಕದ ಬಯಲುಸೀಮೆಯನ್ನು ನುಂಗಿ ಕೂತ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ರಾಳ ತುಂಬಿದ ಪೈನ್, ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ ಇವೆಲ್ಲ ವರ್ಜ್ಯ.

ಬೆಂಕಿ ಹೊತ್ತಿದ ಮೇಲೆ ಎಲ್ಲವೂ ಗಾಳಿಯ ಲೆಕ್ಕ. ಕೆಳಗಿನ ವಾಲ್ವ್ ಕೂದಲೆಳೆಯಷ್ಟು ತಿರುಗಿಸಿ ಹದಿನೈದು ನಿಮಿಷ ಸುಮ್ಮನಿರಬೇಕು. ಶಾಖ ಏರಿಸುವುದು ಸುಲಭ, ಏರಿದ್ದನ್ನು ಇಳಿಸುವುದು ಪ್ರಾಣಸಂಕಟ. ಕುತೂಹಲ ತಡೆಯದೆ ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಕೆಂಡ ಭಗ್ಗೆನ್ನುತ್ತದೆ. ಇಣುಕಿದಷ್ಟೂ ಅಡುಗೆ ಕೆಡುತ್ತದೆ.

ಅಷ್ಟರಲ್ಲಿ ಇನ್ನೊಂದು ಪರೀಕ್ಷೆ ಎದುರಾಗುತ್ತದೆ. ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು 65-70 ಡಿಗ್ರಿಗೆ ಬಂದು ನಿಂತುಬಿಡುತ್ತದೆ. ಒಂದು ತಾಸು, ಎರಡು ತಾಸು, ನಾಲ್ಕು ತಾಸು, ಅಲ್ಲಾಡುವುದೇ ಇಲ್ಲ. ನೆಂಟರು ಬರುವ ಹೊತ್ತಾಯಿತೆಂದು ಗಾಬರಿಯಾಗಿ ಗಾಳಿ ಬಿಟ್ಟು ಉರಿ ಏರಿಸಿದವರ ಮಾಂಸ ಹೊರಗೆ ಇದ್ದಿಲು, ಒಳಗೆ ರಬ್ಬರು. ಇದೇಕೆ ಹೀಗೆ ಎಂಬುದಕ್ಕೆ ಬಹಳ ಕಾಲ ಏನೇನೋ ಸಿದ್ಧಾಂತಗಳಿದ್ದವು. 2010ರ ಸುಮಾರಿಗೆ ಗ್ರೆಗ್ ಬ್ಲಾಂಡರ್ ಎಂಬ ಭೌತವಿಜ್ಞಾನಿ ಬರಿಯ ಕೊಬ್ಬಿನ ಮುದ್ದೆಯನ್ನೂ ನೀರಿನಲ್ಲಿ ತೋಯಿಸಿದ ಸ್ಪಂಜನ್ನೂ ಬಿಸಿಗೆ ಇಟ್ಟು ನೋಡಿದ. ಕೊಬ್ಬು ನಿಲ್ಲದೆ ಬಿಸಿಯೇರಿತು, ಸ್ಪಂಜು ನಡುವೆ ನಿಂತಿತು. ಅಂದರೆ ಮಾಂಸ ಬೆವರುತ್ತಿರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿ ನೀರನ್ನು ತಂಪಾಗಿಡುವ ಅದೇ ಉಪಾಯ. ಬೆವರು ಆರಿದ ಮೇಲೆ ಮುಳ್ಳು ತಾನೇ ಏಳುತ್ತದೆ. ಕಾಯಲಾರದವರು ಕಾಗದದಲ್ಲೋ ಅಲ್ಯುಮಿನಿಯಂ ಹಾಳೆಯಲ್ಲೋ ಸುತ್ತಿಡಬಹುದು. ಒಳಗಿನ ಶಾಖ 90-95ಕ್ಕೆ ಬಂದರೆ ಭುಜದ ತುಂಡು ಆಯಿತು. ಕೋಳಿಯಾದರೆ 74 ಸಾಕು, ಆದರೆ ಅದಕ್ಕಿಂತ ಒಂದು ಡಿಗ್ರಿಯೂ ಕಡಿಮೆ ಇರಕೂಡದು. ಕತ್ತರಿಸಿದಾಗ ಅಂಚಿನಲ್ಲಿ ಕಾಣುವ ಗುಲಾಬಿ ಬಳೆ ಹಸಿಯಲ್ಲ. ಹೊಗೆಯ ಅನಿಲಗಳು ಮಾಂಸದ ಕೆಂಪಿನೊಡನೆ ಬೆರೆತು ಆದ ಬಣ್ಣ ಅದು.

ಇಷ್ಟೆಲ್ಲ ಆದ ಮೇಲೆ ಒಂದು ತಪ್ಪು ತಿಳಿವಳಿಕೆಯ ಮಾತು ಉಳಿಯುತ್ತದೆ. ಹೊಗೆ ಹಾಕಿದ ಮಾಂಸ ಕೆಡುವುದಿಲ್ಲ ಎಂಬ ನಂಬಿಕೆ ಕರ್ನಾಟಕದಲ್ಲಿ ಹುಟ್ಟಿದವರಿಗೆ ಸಹಜ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲೆ ಮಾಂಸದ ಪಟ್ಟಿಗಳನ್ನು ತೂಗುಹಾಕಿ ಮಳೆಗಾಲಕ್ಕೆ ಕೂಡಿಡುತ್ತಿದ್ದರು. ಮಲೆನಾಡಿನ ಅಡುಗೆಮನೆಯ ಅಟ್ಟವೂ ಒಣಮೀನಿಗೆ ಅದೇ ಆಸರೆ. ಆದರೆ ಅಲ್ಲಿ ಕಾಯ್ದದ್ದು ಹೊಗೆಯೊಂದೇ ಅಲ್ಲ. ತೆಳ್ಳಗೆ ಕೊಯ್ದದ್ದು, ಉಪ್ಪು ಉಜ್ಜಿದ್ದು, ದಿನಗಟ್ಟಲೆ ಸಣ್ಣ ಬಿಸಿಯಲ್ಲಿ ನೀರಿನಂಶ ಆರಿ ಕಟ್ಟಿಗೆಯಂತಾದದ್ದು. ಡ್ರಮ್ಮಿನಿಂದ ಇಳಿದ ಭುಜದ ಮಾಂಸ ರಸ ತೊಟ್ಟಿಕ್ಕುವಷ್ಟು ಹಸಿ. ಅದು ಸಾರಿನಷ್ಟೇ ಬೇಗ ಹಳಸುತ್ತದೆ. ಎರಡು ತಾಸಿನೊಳಗೆ ಫ್ರಿಜ್ ಸೇರದಿದ್ದರೆ ಅದನ್ನು ನಂಬುವಂತಿಲ್ಲ.

ಎರಡರ ನಡುವೆ ಸಿಕ್ಕಿಬಿದ್ದದ್ದು ಇನ್ನೂ ಅಪಾಯ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಂನ ಎಲ್ಜೆಲ್ ಎಂಬ ಹಳ್ಳಿಯಲ್ಲಿ ವೃದ್ಧನೊಬ್ಬನ ಶವಸಂಸ್ಕಾರಕ್ಕೆ ವಾದ್ಯ ನುಡಿಸಲು ಬಂದ 34 ಮಂದಿ ಉಪ್ಪುನೀರಿನಲ್ಲಿ ನೆನೆಸಿ ಹೊಗೆ ಹಾಕಿದ ಹಂದಿತೊಡೆಯ ಮಾಂಸ ತಿಂದರು. ಕಣ್ಣು ಮಂಜಾಯಿತು, ಒಂದು ಎರಡಾಗಿ ಕಂಡಿತು, ನುಂಗಲಾಗದೆ ಗಂಟಲು ಸೋತಿತು. ಮೂವರು ಸತ್ತರು. ಗೆಂಟ್ ವಿಶ್ವವಿದ್ಯಾಲಯದ ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸದಲ್ಲೇ ಕಾರಣವನ್ನು ಪತ್ತೆ ಮಾಡಿದರು. ಅದೇ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ. ಗಾಳಿಯಿಲ್ಲದೆಡೆ ಬೆಳೆಯುವ ಅದಕ್ಕೆ ದಪ್ಪ ಮಾಂಸದ ಒಳಭಾಗ ಹೇಳಿ ಮಾಡಿಸಿದ ಜಾಗ. ಹೊಗೆ ಅಂಗುಲದಷ್ಟೂ ಒಳಗಿಳಿಯದು. ಕೆಟ್ಟ ವಾಸನೆ ಬರಲೇಬೇಕೆಂದೂ ಇಲ್ಲ. ಆದ್ದರಿಂದ ತಿಂಗಳುಗಟ್ಟಲೆ ಇಡುವ ಹ್ಯಾಮ್, ಸಾಸೇಜ್ ಮಾಡಲು ಹೊರಡುವವರು ನೈಟ್ರೈಟ್ ಬೆರೆಸಿದ ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಕೈ ಅಂದಾಜಿನಲ್ಲಲ್ಲ. ಅದು ಡ್ರಮ್ಮಿನ ಹವ್ಯಾಸಿಗೆ ಬೇರೆಯದೇ ವಿದ್ಯೆ.

ಪ್ರತಿ ಭಾನುವಾರವೂ ಇದೇ ಊಟವೇ ಎಂದರೆ, ಬೇಡ. ಕೊಬ್ಬು ಕೆಂಡದ ಮೇಲೆ ಹನಿದು ಏಳುವ ಹೊಗೆಯಲ್ಲಿ ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ, ಹೊಗೆ ಹಾಕಿದ್ದೂ ಸೇರಿದಂತೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಡ್ರಮ್ಮನ್ನು ಶೆಡ್ಡಿನೊಳಗೆ, ಗ್ಯಾರೇಜಿನಲ್ಲಿ ಇಡುವುದಂತೂ ಸಲ್ಲದು. ಮಳೆ ಬಂದಿತೆಂದು ಒಳಗೆ ಎಳೆದುಕೊಂಡರೆ ಮನೆಯವರಿಗೆಲ್ಲ ಕಾರ್ಬನ್ ಮಾನಾಕ್ಸೈಡ್ ಹಂಚಿದಂತೆ.

ಸಂಜೆ ಮಾಂಸ ಇಳಿಸಿದ ಮೇಲೆ ಕೆಳಗಿನ ವಾಲ್ವ್, ಮುಚ್ಚಳಗಳು, ಮೇಲಿನ ಕೊಳವೆ ಎಲ್ಲವನ್ನೂ ಮುಚ್ಚಿಬಿಡುತ್ತಾರೆ. ನೀರು ಹೊಯ್ಯಬಾರದು. ಗಾಳಿ ಸಿಗದ ಬೆಂಕಿ ತಾನೇ ಸಾಯುತ್ತದೆ. ಡ್ರಮ್ ಮಾತ್ರ ತಾಸುಗಟ್ಟಲೆ ಕೈ ಸುಡುವಷ್ಟು ಬಿಸಿ, ಮಕ್ಕಳನ್ನು ಅತ್ತ ಬಿಡುವಂತಿಲ್ಲ. ಮರುದಿನ ಬೆಳಿಗ್ಗೆ ಬುಟ್ಟಿ ಎತ್ತಿ ಅಲ್ಲಾಡಿಸಿದರೆ ಬೂದಿ ಉದುರಿ, ಒಂದಿಷ್ಟು ಇದ್ದಿಲು ಮುಂದಿನ ಸಲಕ್ಕೆ ಉಳಿದಿರುತ್ತದೆ.