ಧ್ವನಿಪಾಠಕ್ಕೆ ತಕ್ಕ ವೇಗ

ಕಣ್ಣು ಕಾಣದವರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಈಗ ಅನೇಕ ಮನೆಗಳಿಗೆ ಪರಿಚಿತವಾಗಿವೆ. ಆಸ್ಟ್ರೇಲಿಯಾದ ಮೈಕೆಲ್ ಕರನ್, ಸ್ವತಃ ಅಂಧರು, 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಅದರೊಡನೆ ಬರುವ ಧ್ವನಿ ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಇದೆ. ಬಲ್ಲವರು ಇವುಗಳ ಬಳಕೆಯನ್ನು ಧ್ವನಿಮುದ್ರಿಸಿ ಹೊಸಬರಿಗೆ ಪಾಠವಾಗಿ ಕಳುಹಿಸುವುದುಂಟು. ಅಂತಹ ಪಾಠದಲ್ಲಿ ಯಂತ್ರವು ಎಷ್ಟು ವೇಗವಾಗಿ ನುಡಿಯಬೇಕೆಂಬುದನ್ನು ವಾಚಕರೊಡನೆ ವಿಚಾರಿಸಲು ಬಯಸುತ್ತೇವೆ.

ನಂಜನಗೂಡಿನ ಅಂಧ ವಿದ್ಯಾರ್ಥಿಯೊಬ್ಬನು ಟಿ. ನರಸೀಪುರದಲ್ಲಿರುವ ತನ್ನ ತಾತನಿಗಾಗಿ ಪಾಠ ಸಿದ್ಧಪಡಿಸುತ್ತಾನೆಂದು ಇಟ್ಟುಕೊಳ್ಳೋಣ. ತಾತನಿಗೆ ಸಕ್ಕರೆ ಕಾಯಿಲೆಯಿಂದ ಇತ್ತೀಚೆಗಷ್ಟೇ ದೃಷ್ಟಿ ಹೋಗಿದೆ. ಮೊಮ್ಮಗನ ಕಿವಿ ವರ್ಷಗಳಿಂದ ಪಳಗಿದೆ. ಇತರರಿಗೆ ಬರಿಯ ಗುಜುಗುಜು ಎನಿಸುವ ವೇಗ ಅವನಿಗೆ ಸ್ಪಷ್ಟ ಮಾತು. ಅದೇ ವೇಗದಲ್ಲಿ ಮುದ್ರಿಸಿದರೆ ತಾತ ಎರಡು ನಿಮಿಷ ಕೇಳಿ, ಇದು ತಮ್ಮಿಂದಾಗದೆಂದು ಮೊಬೈಲನ್ನು ಗೂಡಿನಲ್ಲಿಟ್ಟುಬಿಡುತ್ತಾರೆ. ಪಿಂಚಣಿ ಬಂತೇ ಎಂಬ ಬ್ಯಾಂಕಿನ ಸಂದೇಶವನ್ನೂ ಪರರಿಂದ ಓದಿಸಿಕೊಳ್ಳುವ ಸ್ಥಿತಿ ಹಾಗೆಯೇ ಉಳಿಯುತ್ತದೆ.

ವೇಗವನ್ನು ನಿಮಿಷಕ್ಕೆ ಇಷ್ಟು ಪದವೆಂದು ಎಣಿಸುವ ಇಂಗ್ಲಿಷಿನ ಲೆಕ್ಕ ನಮಗೆ ಹೊಂದದು. 'ಬರುತ್ತಿದ್ದೇನೆ' ಎಂಬ ನಮ್ಮ ಒಂದು ಪದಕ್ಕೆ ಅಲ್ಲಿ ಮೂರು ಪದ ಬೇಕು. ಮೇಲಾಗಿ ಕನ್ನಡದಲ್ಲಿ ಹ್ರಸ್ವ, ದೀರ್ಘ, ಒತ್ತುಗಳಿಂದಲೇ ಅರ್ಥ ಬದಲಾಗುತ್ತದೆ. ಬಳೆ ಬಾಳೆಯಾಗುವುದಕ್ಕೂ ಎಲೆ ಎಲ್ಲೆಯಾಗುವುದಕ್ಕೂ ಕ್ಷಣದ ಅಂತರ ಸಾಕು. ವೇಗ ಹೆಚ್ಚಿದಂತೆ ಆ ಅಂತರವೇ ಕುಗ್ಗುತ್ತದೆ. (ಕತೆ ಕತ್ತೆಯಾದರೆ ನಗಬಹುದು, ಹಣದ ವಿಷಯದಲ್ಲಿ ನಗಲಾಗದು.) ಸರಳೆ ವರಸೆಯನ್ನು ಮೊದಲನೆಯ ಕಾಲದಲ್ಲಿ ಹಾಡಿಸದೆ ಮೂರನೆಯ ಕಾಲಕ್ಕೆ ಒಯ್ಯುವ ಗುರುವನ್ನು ಯಾರು ಮೆಚ್ಚುತ್ತಾರೆ? ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತವನ್ನು ಕಿವಿಯಿಂದಲೇ ಕಲಿತು ವಿದ್ವಾಂಸರಾದುದನ್ನು ವಾಚಕರು ಬಲ್ಲರು.

ವೇಗಪ್ರಿಯರಿಗೆ ಪಾಠ ಬೇಸರ ತರದೇ ಎಂಬ ಆಕ್ಷೇಪ ಬರಬಹುದು. ವಾಟ್ಸಾಪಿನ ಧ್ವನಿಸಂದೇಶವನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗಗೊಳಿಸಿ ಕೇಳಬಹುದು. ಮೂಲಕ್ಕಿಂತ ನಿಧಾನಗೊಳಿಸುವ ಗುಂಡಿ ಅಲ್ಲಿಲ್ಲ. ಆದುದರಿಂದ ನಿಧಾನವು ಮುದ್ರಿಸುವವನ ಹೊಣೆ, ಅವಸರ ಕೇಳುವವನ ಇಚ್ಛೆ ಎಂಬುದು ನಮ್ಮ ಮತ.

ವೇಗದ ಅಂಕಿ ಹೇಳಿ ಪ್ರಯೋಜನವಿಲ್ಲ. ಎನ್‌ವಿಡಿಎಯಲ್ಲಿ ಒಂದು ಧ್ವನಿಯ 50 ಇನ್ನೊಂದು ಧ್ವನಿಯ 50ಕ್ಕೆ ಸಮನಲ್ಲ. ಹೊಸಬರೊಬ್ಬರಿಗೆ ಸ್ವಲ್ಪ ಭಾಗ ಕೇಳಿಸಬೇಕು. ಅರ್ಥವಾಯಿತೇ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ಕೇಳಿದ ಕೆಲಸವನ್ನು ಅವರಿಂದಲೇ ಮಾಡಿಸಿ ನೋಡುವುದು ಲೇಸು. ಯಂತ್ರ ನುಡಿಯುವಾಗ ಪಾಠ ಹೇಳುವವನು ಮೌನವಾಗಿರಬೇಕು. ಅವನು ವಿವರಿಸುವಾಗ ಕಂಟ್ರೋಲ್ ಕೀಲಿಯನ್ನು ಒತ್ತಿದರೆ ಯಂತ್ರ ಸುಮ್ಮನಾಗುತ್ತದೆ.

ಎನ್‌ವಿಡಿಎಯಲ್ಲಿ ಪಾಠಕ್ಕೆಂದೇ ಪ್ರತ್ಯೇಕ ಪ್ರೊಫೈಲ್ ಮಾಡಿಟ್ಟುಕೊಂಡರೆ ಮೊಮ್ಮಗನು ಮುದ್ರಣ ಮುಗಿಸಿ ತನ್ನ ವೇಗಕ್ಕೆ ಹಿಂದಿರುಗಬಹುದು. ರಜೆಗೆ ಊರಿಗೆ ಬಂದವನು ತಾತನ ಮೊಬೈಲಿನ ವೇಗವನ್ನು ತನಗಾಗಿ ಹೆಚ್ಚಿಸಿಕೊಂಡಿದ್ದರೆ, ಬಸ್ಸು ಹತ್ತುವ ಮೊದಲು ಅದನ್ನು ಮೊದಲಿದ್ದಂತೆ ಇಳಿಸಿಡಲಿ.