ಅಳೆಯಬೇಕಾದ್ದು ಹೊಗೆಯನ್ನೋ, ವಯಸ್ಸನ್ನೋ?

ಹಳೆಯ ಡೀಸೆಲ್ ಗಾಡಿಯೇ ಎಲ್ಲ ಹೊಗೆಯ ಮೂಲ, ಅದನ್ನು ಗುಜರಿಗೆ ಹಾಕಿದರೆ ದೇಶದ ಗಾಳಿ ತಿಳಿಯಾಗುತ್ತದೆ ಎಂಬ ಮಾತು ದಿಲ್ಲಿಯಿಂದ ಹೊರಟು ಗದಗ-ಬೆಟಗೇರಿಯ ಓಣಿಗಳವರೆಗೆ ಬಂದು ಮುಟ್ಟಿದೆ. 2021ರಲ್ಲಿ ಕೇಂದ್ರ ಸರಕಾರ ಗುಜರಿ ನೀತಿಯನ್ನು ಜಾಹೀರು ಮಾಡಿತು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ತೀರುತ್ತದೆ. ಮುಂದೆ ಐದೈದು ವರ್ಷಕ್ಕೆ ಹೊಸದು ಮಾಡಿಸಿಕೊಳ್ಳಬೇಕು. ಇದಕ್ಕೆ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಎಂದು ಗೊತ್ತುಪಡಿಸಿದರು. ಕಾರು ಹೊಗೆ ಬಿಡುತ್ತದೆಯೋ ಇಲ್ಲವೋ, ಬ್ರೇಕು ಹಿಡಿಯುತ್ತದೆಯೋ ಇಲ್ಲವೋ, ಈ ಲೆಕ್ಕಕ್ಕೆ ಅದು ಬೇಕಿಲ್ಲ. ಹುಟ್ಟಿದ ವರ್ಷವೊಂದಿದ್ದರೆ ಸಾಕು!

ಗುಜರಿಗೆ ಕೊಟ್ಟವನಿಗೆ ಹೊಸ ಗಾಡಿಯ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಉಂಟು. ಹೊಸ ಗಾಡಿ ಕೊಳ್ಳಬಲ್ಲವನಿಗೆ ರಿಯಾಯಿತಿ, ಕೊಳ್ಳಲಾರದವನಿಗೆ ದಂಡ. ಇದಕ್ಕೆ ಪರಿಸರ ರಕ್ಷಣೆ ಎಂದು ಹೆಸರು.

ನಮ್ಮ ಕಡೆ ಹಳೆಯ ಡೀಸೆಲ್ ಗಾಡಿ ಯಾರ ಮನೆಯ ಮುಂದಿದೆ ಎಂಬುದನ್ನು ಈ ಕಾಯದೆ ಬರೆದವರು ಬಂದು ನೋಡಲಿ. ರೈಲು ಇರುವುದು ಗದಗಿಗೆ. ಲಕ್ಷ್ಮೇಶ್ವರಕ್ಕಿಲ್ಲ, ಶಿರಹಟ್ಟಿಗಿಲ್ಲ, ಮುಂಡರಗಿಗಿಲ್ಲ. ಬೆಟಗೇರಿಯ ಸೀರೆಯ ಗಂಟನ್ನು ಸಂತೆಗೆ ಒಯ್ಯುವ ಸಣ್ಣ ವ್ಯಾಪಾರಿ, ಗಿರಣಿಯ ಕೆಲಸ ಹೋದ ಮೇಲೆ ಇದ್ದಬದ್ದ ರೊಕ್ಕ ಕೂಡಿಸಿ ಹಳೆಯ ಇಂಡಿಕಾ ಕೊಂಡ ಕಾಮಗಾರ, ಇವರಿಗೆ ಕಾರು ಮೆರೆಯುವ ವಸ್ತುವಲ್ಲ. ನೇಕಾರನಿಗೆ ಮಗ್ಗ ಹೇಗೋ ಹಾಗೆ.

ಹಾಗೆಂದು ಹೊಗೆಯ ಪರ ವಕಾಲತ್ತು ಮಾಡುವುದು ನಮ್ಮ ಕೆಲಸವಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಮಂಡಳಿ 2012ರಲ್ಲಿಯೇ ಸಾರಿ ಹೇಳಿದೆ. ಅದನ್ನು ಮೊದಲು ಕುಡಿಯುವವ ರಸ್ತೆಯ ಬದಿಗೆ ತಕ್ಕಡಿ ಹಿಡಿದು ಕೂತವನೇ. ಆದರೆ ಹೊಗೆ ಎಲ್ಲಿಂದ ಬರುತ್ತದೆಂದು ಕೇಳಬೇಡವೇ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಅದುಮುತ್ತದೆ. ಹಳೆಯ ಕಾರುಗಳಲ್ಲಿ 20 ಪಟ್ಟಿಗೂ ಹೆಚ್ಚು. ಆ ಕಾವಿಗೆ ನಾಝಲ್ ಸಿಂಪಡಿಸಿದ ಎಣ್ಣೆ ತಾನೇ ಹೊತ್ತುತ್ತದೆ. (1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ನನ್ನು ಶೇಂಗಾ ಎಣ್ಣೆಯ ಮೇಲೆ ಓಡಿಸಿದ್ದರು. ನಮ್ಮ ಶೇಂಗಾ ಬೆಳೆಗಾರರಿಗೆ ಹಿಗ್ಗಾಗಬಹುದು, ಆದರೆ ಯಾರೂ ಟಾಕಿಗೆ ಸುರುವಬೇಡಿ. ಗಟ್ಟಿ ಎಣ್ಣೆ ನಾಝಲ್ ಕಟ್ಟಿಸುತ್ತದೆ.) ಗಾಳಿ ಸಾಕಷ್ಟು ಬಂದು ಎಣ್ಣೆ ನುಣ್ಣಗೆ ಸಿಡಿದರೆ ಇಪ್ಪತ್ತು ವರ್ಷದ ಎಂಜಿನ್ನಿಗೂ ಕರಿ ಹೊಗೆ ಕಾರುವ ಕಾರಣವಿಲ್ಲ.

ಕರಿ ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಎಣ್ಣೆ ಹೆಚ್ಚಾಗಿದೆ. ನಮ್ಮ ಎರೆ ಭೂಮಿಯ ಸುಗ್ಗಿಯ ಧೂಳು ಗೊತ್ತಿದ್ದದ್ದೇ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರಿನವರೆಗೆ ಕಾಯದೆ ಏರ್ ಫಿಲ್ಟರ್ ಬಿಚ್ಚಿ ನೋಡಿರಿ. ಗಾಳಿ ಹೊಡೆಯುವಾಗ ಒಳಗಿನಿಂದ ಹೊರಗೆ ಹೊಡೆಯಿರಿ; ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೇ ಸೇರಿಕೊಳ್ಳುತ್ತದೆ. ಆಮೇಲೆ ನಾಝಲ್: ಹೊಗೆಯಂತೆ ಸಿಂಪಡಿಸಬೇಕಾದದ್ದು ಸವೆದು ತೊಟ್ಟಿಕ್ಕುತ್ತಿದ್ದರೆ ಆ ಎಣ್ಣೆ ಪೂರ್ತಿ ಉರಿಯದು. ಇನ್ನು ಪಂಪ್. ಕಪ್ಪತಗುಡ್ಡದ ಕಡೆಯ ಏರಿನಲ್ಲಿ ಗಾಡಿ ಜಗ್ಗಲಿಲ್ಲವೆಂದು ಪಂಪಿನ ಸ್ಕ್ರೂ ತಿರುವಿ ಎಣ್ಣೆ ಏರಿಸಿ ಕೊಡುವ ಮೇಸ್ತ್ರಿಗಳಿದ್ದಾರೆ. ಇದು ರಿಪೇರಿಯಲ್ಲ, ಮೋಸ. ಒಂದು ವಾರ ಗಾಡಿ ಓಡಿದಂತೆ ಕಾಣುತ್ತದೆ, ಹೊಗೆ ಊರಿಗೆ, ಖರ್ಚು ಮಾಲೀಕನಿಗೆ. ರಾಜ್ಯ ಸರಕಾರ ಡೀಸೆಲ್ ಮೇಲಿನ ತೆರಿಗೆಯನ್ನು 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿಸಿದೆ. ಕರಿ ಹೊಗೆಯಾಗಿ ಹೋಗುವುದು ನೀವು ತೆರಿಗೆ ಕೊಟ್ಟು ಕೊಂಡ ಎಣ್ಣೆಯೇ.

ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ವಾಲ್ವ್ ಗೈಡು ನೋಡಿಸಬೇಕು, ಅದು ಖರ್ಚಿನ ಕೆಲಸ. ಚಳಿಗಾಲದ ಮುಂಜಾನೆ ಬಿಳಿ ಹೊಗೆ ಬಿಟ್ಟು ಎಂಜಿನ್ ಹತ್ತದಿದ್ದರೆ ಮೊದಲು ಹೀಟರ್ ಪ್ಲಗ್ಗುಗಳನ್ನು ಅನುಮಾನಿಸಿ. ಪ್ಲಗ್ಗಿನ ತಂತಿ ಬಿಚ್ಚಿ, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಸಣ್ಣ ಬಲ್ಬಿನ ಮೂಲಕ ಪ್ಲಗ್ಗಿನ ತುದಿಗೆ ಮುಟ್ಟಿಸಿದರೆ ಬಲ್ಬು ಹತ್ತಬೇಕು. ಹತ್ತದ ಪ್ಲಗ್ಗು ಸತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಸೆಲ್ಫ್ ಹೊಡೆದಷ್ಟೂ ಹೊಗೆಯೇ ಬಾರದಿದ್ದರೆ ಎಣ್ಣೆ ಮುಟ್ಟುತ್ತಿಲ್ಲ: ಡೀಸೆಲ್ ಫಿಲ್ಟರಿನ ತಳದಿಂದ ನೀರು ಬಿಡಿ, ಗಾಳಿಯ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ. ಇಂಡಿಕಾ ಇದ್ದವರು ಟೈಮಿಂಗ್ ಬೆಲ್ಟಿನ ಗಡುವು ಮೀರಲೇಬೇಡಿ. ಅದು ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಕೈಬಿಡುತ್ತದೆ.

ಇಷ್ಟರಲ್ಲಿ ವಯಸ್ಸಿನ ಮಾತು ಎಲ್ಲಿ ಬಂತು? ಹೊಗೆ ಅಳೆಯುವ ಯಂತ್ರ ಸರಕಾರದ ನಿಯಮದಲ್ಲಿಯೇ ಇದೆ. ಬಿಎಸ್-4ಕ್ಕೆ ಮೊದಲಿನ ಡೀಸೆಲ್ ಗಾಡಿಗೆ 65 ಹಾರ್ಟ್ರಿಜ್, ಬಿಎಸ್-4ಕ್ಕೆ 50 ಎಂದು ಮಿತಿ ಹಾಕಿದ್ದಾರೆ. ಅಳತೆಗೋಲು ಕೈಯಲ್ಲಿರುವಾಗ ಜಾತಕ ನೋಡುವುದೇಕೆ? ನಮ್ಮವರದೂ ತಪ್ಪುಂಟು. ಪೈಪಿನೊಳಗೆ ನಳಿಗೆಯನ್ನೇ ಇಡದೆ ಹೊಗೆ ಚೀಟಿ ಬರೆಸಿಕೊಂಡು ಬರುವವರು ತಮ್ಮ ಕೈಯ ಸಾಕ್ಷಿಯನ್ನು ತಾವೇ ಹರಿದು ಹಾಕುತ್ತಾರೆ. ನಾಳೆ ಸರಕಾರದ ಮುಂದೆ ಏನು ತೋರಿಸುತ್ತಾರೆ? ರಿಪೇರಿ ಮಾಡಿಸಿದರೂ ಮಿತಿ ದಾಟುವ ಗಾಡಿ ಗುಜರಿಗೆ ಹೋಗಲಿ, ಅದು ಹತ್ತು ವರ್ಷದ್ದಾದರೂ ಸರಿಯೇ.

ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಶಿಕ್ಷಣ ಕೊಡುತ್ತಾರೆ. ಹಳೆಯ ಗಾಡಿಗಳಿಂದ ಎತ್ತಿದ ಈ ಸಾವಿರಗಳಲ್ಲಿ ಒಂದು ಪಾಲಿನಿಂದ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಒಂದೊಂದು ನಾಝಲ್ ಪರೀಕ್ಷೆಯ ಯಂತ್ರ ಕೊಡಲಿ, ಕಲಿಯುವ ಹುಡುಗರು ಅಗ್ಗದಲ್ಲಿ ಪಂಪು-ನಾಝಲ್ ನೋಡಿಕೊಡಲಿ. ಅಲ್ಲಿಯವರೆಗೆ, ನೋಂದಣಿ ತೀರಿದವರು ಗಾಡಿಯನ್ನು ಸರಿ ಮಾಡಿಸಿ, ಕಣ್ಣೆದುರಿಗೆ ಹೊಗೆ ಅಳೆಸಿ, ಅಂಕಿ ಅಚ್ಚಾದ ಚೀಟಿಯನ್ನು ಅರ್ಜಿಗೆ ಲಗತ್ತಿಸಿರಿ. 65ರ ಕೆಳಗೆ ನಿಂತ ಗಾಡಿಗೆ 10,000 ರೂಪಾಯಿ ಯಾವ ತಪ್ಪಿಗೆಂದು ಬರಹದಲ್ಲಿ ಕೇಳಿರಿ, ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ.