ಸಿಮ್ಯುಲೇಶನ್ ಸಾಕು ಎನ್ನುವವರಿಗೆ

ಕಲಬುರಗಿ ಭಾಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಬದಲಿಸಬಹುದಾದ ಹಲವು ಎಫ್‌ಪಿಜಿಎ ಚಿಪ್‌ಗಳನ್ನು ಜೋಡಿಸಿದ ಪ್ರೋಟೋಟೈಪ್ ಲ್ಯಾಬ್ ಬೇಕು ಎಂದರೆ ಸಾಕು, ಒಂದು ಮಾತು ಸಿದ್ಧವಾಗಿರುತ್ತದೆ: ‘ಕಲ್ಲು, ಸಿಮೆಂಟು, ತೊಗರಿಯ ಸೀಮೆಗೆ ಇದ್ಯಾಕ್ರೀ? ಬೆಂಗಳೂರಿನವರು ನೋಡಿಕೊಳ್ತಾರೆ.’

ರೈಲುಗಳ ಡಿಕ್ಕಿ ತಪ್ಪಿಸುವ ಎಂಬೆಡೆಡ್ ಸಿಸ್ಟಂ ‘ಕವಚ’ದ ಆರಂಭದ ಪ್ರಯೋಗಗಳು ನಡೆದದ್ದು ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮಾರ್ಗದಲ್ಲಿ. ಅಂದರೆ ಸೇಡಂ, ಚಿತ್ತಾಪುರ ದಾಟಿ ಬರುವ ಹಳಿಯ ಮೇಲೆ. ಪ್ರಯಾಣಿಕರ ರೈಲುಗಳಲ್ಲಿ ಪರೀಕ್ಷೆ ಶುರುವಾದದ್ದು 2016ರ ಫೆಬ್ರುವರಿಯಲ್ಲಿ; ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿದ್ದು 2020ರ ಜುಲೈನಲ್ಲಿ. ಎಂಬೆಡೆಡ್ ಸಿಸ್ಟಂ ನಮಗೆ ಸಂಬಂಧಿಸಿದ್ದಲ್ಲ ಎನ್ನಲು ಇನ್ನು ಯಾವ ಮುಖವಿದೆ?

‘ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿದರಾಯಿತು’ ಎಂಬುದು ಮುಂದಿನ ವಾದ. ಲೆಕ್ಕ ಹಾಕೋಣ. ಪ್ರೊಸೆಸರ್ ಡಿಸೈನ್ ಮೇಲೆ ಲಿನಕ್ಸ್ ಬೂಟ್ ಆಗಲು ನೂರು ಕೋಟಿ ಕ್ಲಾಕ್ ಸುತ್ತು ಬೇಕೆನ್ನಿ. ಸಿಮ್ಯುಲೇಟರ್ ಸೆಕೆಂಡಿಗೆ ಸಾವಿರ ಸುತ್ತು ಓಡಿಸಿದರೆ ಹನ್ನೊಂದೂವರೆ ದಿನ. 10 ಮೆಗಾಹರ್ಟ್ಸ್‌ನ ಎಫ್‌ಪಿಜಿಎಗೆ ನೂರೇ ಸೆಕೆಂಡು. ಇನ್ನೊಂದು ತೊಡಕೂ ಇದೆ. ಬೇರೆ ಬೇರೆ ಕ್ಲಾಕ್‌ಗಳ ನಡುವೆ ದಾಟುವ ಸಿಗ್ನಲ್ ಕೆಲವೊಮ್ಮೆ ಸೊನ್ನೆಯೂ ಆಗದೆ ಒಂದೂ ಆಗದೆ ತೂಗಾಡುತ್ತದೆ. ಸಾಮಾನ್ಯ ಸಿಮ್ಯುಲೇಶನ್‌ನಲ್ಲಿ ಅದು ಕಾಣುವುದೇ ಇಲ್ಲ.

‘ಹಾಗಾದರೆ ಒಂದೇ ದೊಡ್ಡ ಚಿಪ್ ಸಾಲದೇ?’ ಇದರಲ್ಲಿ ಹುರುಳಿದೆ. ಕ್ಸೈಲಿಂಕ್ಸ್ 2019ರಲ್ಲಿ ಪ್ರಕಟಿಸಿದ ವಿಯು19ಪಿ ಚಿಪ್‌ನಲ್ಲಿ 90 ಲಕ್ಷ ಲಾಜಿಕ್ ಸೆಲ್‌ಗಳಿವೆ. ವಿದ್ಯಾರ್ಥಿಗಳ ಡಿಸೈನ್‌ಗೆ ಅದರ ಮೂಲೆಯೊಂದು ಸಾಕು. ಡಿಸೈನ್ ಒಡೆದು ಹಲವು ಚಿಪ್‌ಗಳಿಗೆ ಹಂಚುವುದೂ ತಲೆನೋವೇ: ಪಿನ್‌ಗಳು ಸಾಲದೆ ಹತ್ತಾರು ಸಿಗ್ನಲ್‌ಗಳನ್ನು ಒಂದೇ ತಂತಿಯಲ್ಲಿ ಸರದಿಯಂತೆ ಕಳಿಸಬೇಕು, ವೇಗ ಕುಸಿಯುತ್ತದೆ. ಆದರೆ ‘ಕವಚ’ದಂಥ ವ್ಯವಸ್ಥೆಯಲ್ಲಿ ಎಂಜಿನ್ನಿನೊಳಗಿನ ಘಟಕ, ಸ್ಟೇಷನ್ನಿನ ಘಟಕ, ನಡುವೆ ರೇಡಿಯೊ, ಇವು ನಿಜದಲ್ಲೂ ಬೇರೆ ಬೇರೆ ಪೆಟ್ಟಿಗೆಗಳು, ಬೇರೆ ಬೇರೆ ಕ್ಲಾಕ್‌ಗಳು. ಒಂದೊಂದಕ್ಕೂ ಒಂದೊಂದು ಎಫ್‌ಪಿಜಿಎ ಕೊಟ್ಟು, ಓಡುತ್ತಿರುವಾಗಲೇ ನಡುವಿನ ಕೇಬಲ್ ಕಿತ್ತು ನೋಡಿ. ಬ್ರೇಕ್ ಬೀಳುತ್ತದೋ, ಹಳೆಯ ಸಂದೇಶವನ್ನೇ ನಂಬಿ ಗಾಡಿ ಮುಂದೆ ಹೋಗುತ್ತದೋ? ಒಂದೇ ಚಿಪ್ಪಿನಲ್ಲಿ ಕೀಳಲು ಕೇಬಲ್ಲೇ ಇಲ್ಲ.

‘ವಾಡಿ, ಚಿಂಚೋಳಿಯ ಸಿಮೆಂಟ್ ಕಾರ್ಖಾನೆಗೆ ಯಂತ್ರಗಳನ್ನು ನಡೆಸುವ ಸಿದ್ಧ ಕಂಟ್ರೋಲರ್ ಆದ ಪಿಎಲ್‌ಸಿ ಸಾಕು’ ಎನ್ನುತ್ತಾರೆ. ನಿಜ, ಸಾಕು. ಆದರೆ ಸಿಮೆಂಟ್ ಸುಡುವ ಗೂಡು, ಕಾದ ಕಿಲ್ನ್, ತಿರುಗುವುದು ನಿಂತರೆ ಅದರ ಹೊರಮೈಯೇ ಬಾಗುತ್ತದೆ. ಹೊಸ ಕಂಟ್ರೋಲರ್‌ನ ಮೊದಲ ಪರೀಕ್ಷೆಯನ್ನು ಅದರ ಮೇಲೆ ಮಾಡಲು ಯಾವ ಮ್ಯಾನೇಜರ್ ಬಿಟ್ಟಾರು? ಅದು ಲ್ಯಾಬಿನಲ್ಲೇ ಆಗಬೇಕು.

ಉಳಿದದ್ದು ದುಡ್ಡಿನ ಮಾತು. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ. ಕೋಟಿಗಟ್ಟಲೆಯ ಯಂತ್ರವನ್ನು ಯಾರೂ ಕೇಳಿಲ್ಲ. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರ್ ಆರ್ಟಿ ಎ7 ಎಂಬ ಪುಟ್ಟ ಬೋರ್ಡಿನ ಮೇಲೆ ಓಡುತ್ತದೆ. ಅಂಥ ಮೂರು ಬೋರ್ಡು, ನಡುವೆ ಕೇಬಲ್ಲು, ಇಷ್ಟರಿಂದಲೇ ಶುರುಮಾಡಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇಷ್ಟಕ್ಕೆ ಹಣ ಕೊಟ್ಟು, ಸೇಡಂ, ಶಹಾಬಾದಿನ ಮಕ್ಕಳೂ ಬಂದು ಬಳಸುವಂತೆ ಕಲಬುರಗಿಯಲ್ಲಿ ಒಂದು ಲ್ಯಾಬ್ ತೆರೆಯಲಿ. ಅದು ಧೂಳು ತಿನ್ನುತ್ತ ಬಿದ್ದರೆ, ಆಗ ನಮ್ಮನ್ನು ಬೈಯಿರಿ.